ಸ್ಕಾಟ್ಲೆಂಡಿನಿಂದ ಬಂದ ಕೀಲಿ

ಮಕ್ಕಳೇ, ಹೋದ ವರ್ಷ ಜೂನ್ ತಿಂಗಳಲ್ಲಿ ಕೋಣಂದೂರಿಗೆ ಮಳೆ ಹಿಡಿಯುವ ಹೊತ್ತಿಗೆ ಸರಿಯಾಗಿ ನಾನೂ ನನ್ನವಳೂ ಸ್ವೆಟರು, ಛತ್ರಿ, ಎರಡು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು ಸ್ಕಾಟ್ಲೆಂಡಿಗೆ ಹೊರಟೆವು. ಎಡಿನ್‌ಬರೋದಲ್ಲಿ ಮಗಳ ಮನೆಯಲ್ಲಿರುವ ನನ್ನ ಹಳೆಯ ಗೆಳೆಯ ಫೋನಿನಲ್ಲಿ, "ಇನ್ನು ವಿಮಾನ ಹತ್ತಬೇಡಿ ಅಂದಿದ್ದಾರೆ ಮಾರಾಯ, ಡಾಕ್ಟರು. ನನ್ನನ್ನು ನೋಡಬೇಕು ಅನ್ನಿಸಿದರೆ ನೀನೇ ಬಾ" ಅಂದಿದ್ದ.

ಅವನೂ ನಾನೂ ಒಂದೇ ಹೈಸ್ಕೂಲು, ಆಮೇಲೆ ಒಂದೇ ಬ್ಯಾಂಕು. ಅವನು ಪ್ರಮೋಷನ್ ತಗೊಂಡು ಆಫೀಸರ್ ಆದ. ನಾನು ಕ್ಯಾಷಿನಲ್ಲೇ ಉಳಿದೆ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ ಇರುತ್ತವೆ, ಇಬ್ಬರ ಹತ್ತಿರ. ಎರಡೂ ಹಾಕಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಆರು ವರ್ಷ ಒಂದು ಕೀಲಿ ಅವನ ಹತ್ತಿರ, ಇನ್ನೊಂದು ನನ್ನ ಹತ್ತಿರ. ಅವನ ಬಸ್ಸು ತಡವಾದರೆ ನಾನು ಗ್ರಾಹಕರ ಬೈಗುಳ ತಿನ್ನುತ್ತಾ ಕೂರಬೇಕು. ನಾನು ತಡ ಮಾಡಿದರೆ ಅವನು!

ಎಡಿನ್‌ಬರೋದಲ್ಲಿ ನಮ್ಮನ್ನು ಮೊದಲು ಕಂಗೆಡಿಸಿದವನು ಸೂರ್ಯ. ಕೋಣಂದೂರು ಸಮಭಾಜಕ ವೃತ್ತದಿಂದ ಸುಮಾರು 14 ಡಿಗ್ರಿ ಉತ್ತರಕ್ಕಿದ್ದರೆ ಆ ಊರು 56 ಡಿಗ್ರಿ ಉತ್ತರಕ್ಕಿದೆ. ಭೂಮಿ ವಾಲಿಕೊಂಡಿರುವುದರಿಂದ ಜೂನ್‌ನಲ್ಲಿ ಅಲ್ಲಿ ಹೊತ್ತು ಮುಳುಗುವುದು ರಾತ್ರಿ ಹತ್ತು ಗಂಟೆಗೆ. ನನ್ನವಳಿಗೆ ದೇವರ ದೀಪದ ಚಿಂತೆ. ಗೆಳೆಯನ ಹೆಂಡತಿ ನಕ್ಕು, "ನಾನು ಗಡಿಯಾರ ನೋಡಿ ಏಳಕ್ಕೇ ಹಚ್ಚಿಬಿಡ್ತೀನಿ ಅಕ್ಕ, ಸೂರ್ಯನನ್ನು ಕಾಯ್ತಾ ಕೂತರೆ ಅನ್ನ ತಣ್ಣಗಾಗುತ್ತೆ" ಅಂದರು.

ಅಲ್ಲಿಯವರು ತಮ್ಮ ಮಳೆಯ ಬಗ್ಗೆ ಬಹಳ ಹೇಳಿಕೊಳ್ಳುತ್ತಾರೆ. ಎಡಿನ್‌ಬರೋದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ 7,000ಕ್ಕೂ ಮೇಲೆ. ನಾನು ಸುಮ್ಮನೆ ತಲೆಯಾಡಿಸಿದೆ.

ಇನ್ನು ನೋಟಿನ ವಿಷಯ. ನಮ್ಮಲ್ಲಿ ಒಂದು ರೂಪಾಯಿಯ ನೋಟಿಗೆ ಕೇಂದ್ರ ಸರ್ಕಾರದ ಹಣಕಾಸು ಕಾರ್ಯದರ್ಶಿಯ ಸಹಿ, ಉಳಿದವಕ್ಕೆಲ್ಲ ರಿಸರ್ವ್ ಬ್ಯಾಂಕ್ ಗವರ್ನರರ ಸಹಿ. (ಅಜ್ಜನ ಪರ್ಸಿನಲ್ಲಿ ತೆಗೆದು ನೋಡಿ, ಕೇಳಿಕೊಂಡು ತೆಗೆಯಿರಿ.) ಸ್ಕಾಟ್ಲೆಂಡಿನಲ್ಲಿ ಹಾಗಲ್ಲ. ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ಕ್ಲೈಡ್ಸ್‌ಡೇಲ್ ಬ್ಯಾಂಕ್, ಈ ಮೂರೂ ತಮ್ಮ ತಮ್ಮ ಹೆಸರಿನಲ್ಲೇ ಪೌಂಡ್ ನೋಟು ಹೊರಡಿಸುತ್ತವೆ! ಇವುಗಳಲ್ಲಿ ಮೊದಲನೆಯದು ಶುರುವಾದದ್ದು 1695ರಲ್ಲಿ. ಜೀವಮಾನವಿಡೀ ನೋಟು ಎಣಿಸಿದ ನಾನು ಆ ಮೂರು ಬಗೆಯನ್ನೂ ಬೆಳಕಿಗೆ ಹಿಡಿದು ನೋಡಿದ್ದೇ ನೋಡಿದ್ದು. "ಸಾಕು ಮಾರಾಯ, ರಿಟೈರ್ ಆಗಿದೀಯ" ಅಂದ ಗೆಳೆಯ.

ಅವನಿಗೆ ಒಂದು ಕಡೆ ನಮ್ಮನ್ನು ಕರೆದುಕೊಂಡು ಹೋಗಲೇಬೇಕಿತ್ತು. ಊರಿನ ಹೆಸರು ಕ್ಯಾಲಂಡರ್. "ಗೋಡೆಗೆ ತೂಗುಹಾಕೋದಾ?" ಅಂದಳು ನನ್ನವಳು. ಮಗಳ ಕಾರಿನಲ್ಲಿ ಸ್ಟರ್ಲಿಂಗ್ ದಾಟಿ ಹೋದೆವು. ಆ ಊರಿನ ಪಕ್ಕದ ಲೆನಿ ಎಂಬಲ್ಲಿ ಕೊನೆಗಾಲ ಕಳೆದು 1829ರಲ್ಲಿ ತೀರಿಕೊಂಡವನು ಫ್ರಾನ್ಸಿಸ್ ಬುಕಾನನ್. ಎಡಿನ್‌ಬರೋದಲ್ಲಿ ಓದಿದ ವೈದ್ಯ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಇಲ್ಲಿ ಏನೇನು ಬೆಳೆಯುತ್ತದೆ, ಜನ ಹೇಗಿದ್ದಾರೆ ಎಂದು ತಿಳಿದು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ. 1800ರಲ್ಲಿ ಮದ್ರಾಸಿನಿಂದ ಹೊರಟವನು ಮೈಸೂರು, ಮಲಬಾರ್, ಕನ್ನಡ ಜಿಲ್ಲೆ ಸುತ್ತಿ 1801ರಲ್ಲಿ ನಮ್ಮ ಇಕ್ಕೇರಿಗೂ ನಗರಕ್ಕೂ ಬಂದ. ಅಡಿಕೆ, ಮೆಣಸು ಬೆಳೆಯುವ ರೀತಿ ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟದ ಪುಸ್ತಕವಾಯಿತು.

ಕ್ಯಾಲಂಡರಿನ ಹೊಳೆಯ ನೀರು ಟೀ ಡಿಕಾಕ್ಷನ್ ಬಣ್ಣ. ಕಾಡಿನಲ್ಲಿ ನಮ್ಮ ಕಡೆಯಂತೆಯೇ ಜರಿಗಿಡ. ಇಂಬಳ ಇಲ್ಲ, ಅದರ ಬದಲು ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ, ಕಚ್ಚಿದರೆ ಉರಿ. ಗೆಳೆಯ ಬೆಂಚಿನ ಮೇಲೆ ಕುಳಿತು ಏದುಸಿರು ಸುಧಾರಿಸಿಕೊಂಡು, "ಇಲ್ಲಿಯವನು ಕುದುರೆ, ಪಲ್ಲಕ್ಕಿಯ ಕಾಲದಲ್ಲಿ ನಗರಕ್ಕೆ ಬಂದು ಹೋಗಿದ್ದಾನೆ ನೋಡು. ನನಗೆ ವಿಮಾನ ಇದ್ದೂ ಆಗ್ಲಿಲ್ಲ" ಅಂದ. ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ.

ಹೊರಡುವ ದಿನ ಬೆಳಿಗ್ಗೆ ಒಂದು ಕವರು ತಂದು ಕೈಯಲ್ಲಿಟ್ಟ. ಒಳಗೆ ಕೋಣಂದೂರಿನ ಅವನ ಮನೆಯ ಕೀಲಿ. ಇಷ್ಟು ವರ್ಷ ಯಾರಿಗೂ ಕೊಡದೆ ಇಟ್ಟುಕೊಂಡಿದ್ದ.

"ಮಳೆ ಬಿಟ್ಟ ಮೇಲೆ ಹೆಂಚು ಕೈಯಾಡಿಸಿಬಿಡು. ಹಿತ್ತಲ ಮಾವಿನ ಮರ ಸೂರಿನ ಮೇಲೆ ಬಾಗಿದ್ದರೆ ಕೊಂಬೆ ಮಾತ್ರ ಕಡಿಸು, ಮರ ಬೇಡ."

"ರಿಜಿಸ್ಟರಿನಲ್ಲಿ ಸಹಿ ಹಾಕದೆ ಕೀಲಿ ತಗೊಳ್ಳಲ್ಲ ನಾನು" ಅಂದೆ. ನಿಜಕ್ಕೂ ಒಂದು ಹಾಳೆ ತಂದ. ಕೊಟ್ಟವರು, ಪಡೆದವರು ಎಂದು ಬರೆದು ಇಬ್ಬರೂ ಸಹಿ ಹಾಕಿದೆವು, ದಿನಾಂಕ, ಸಮಯದ ಸಮೇತ. ಹೆಂಗಸರಿಬ್ಬರೂ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಅಲ್ಲಿಂದ ಲಂಡನ್ನಿಗೆ ಬಂದು ನನ್ನವಳ ಕಾಲೇಜು ಗೆಳತಿಯ ಮನೆಯಲ್ಲಿ ಮೂರು ದಿನ ಇದ್ದೆವು. ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ ನೋಡಿದೆವು. 2015ರ ನವೆಂಬರ್ 14ರಂದು, ಮಕ್ಕಳ ದಿನದಂದೇ, ಅನಾವರಣವಾದದ್ದು. ಒಂದು ಅಂಗಡಿಯವನು ನನ್ನ ಸ್ಕಾಟ್ಲೆಂಡ್ ನೋಟನ್ನು ತಿರುಗಿಸಿ ಮುರುಗಿಸಿ ನೋಡಿ ಬೇಡವೆಂದ. ಕ್ಯಾಷಿಯರ್‌ಗೇ ಖೋಟಾ ನೋಟಿನ ಅನುಮಾನ!

ಅಕ್ಟೋಬರಿನಲ್ಲಿ ಹೆಂಚು ಕೈಯಾಡಿಸಿದ್ದಾಯಿತು. ನಲವತ್ತೆರಡು ಹೆಂಚು ಹೋಗಿದ್ದವು. ಮಾವಿನ ಕೊಂಬೆ ಎರಡು ಕಡಿಸಿದೆ. ಖರ್ಚಿನ ಲೆಕ್ಕ ಬರೆದು ವಾಟ್ಸಾಪಿನಲ್ಲಿ ಕಳಿಸಿದರೆ ಐದೇ ನಿಮಿಷಕ್ಕೆ ಉತ್ತರ ಬಂತು: "ಕೂಡಿದ್ದರಲ್ಲಿ ಇಪ್ಪತ್ತು ರೂಪಾಯಿ ತಪ್ಪಿದೆ, ಮತ್ತೆ ನೋಡು."

ನೋಡಿದೆ. ತಪ್ಪಿತ್ತು.