ತಿಳಿಯದ ನುಡಿಯಲ್ಲಿ ಪಡೆದ ಒಪ್ಪಿಗೆ

ಕಳೆದ ತಿಂಗಳ ನಮ್ಮ ಬಳಗದ ಕೂಟದಲ್ಲಿ, ಕವಿತಾವಾಚನ ಮುಗಿದು ಎಲ್ಲರೂ ಕಾಫಿಗೆ ಕುಳಿತಿದ್ದಾಗ, ನಂಗನಲ್ಲೂರಿನ ಮಿತ್ರರೊಬ್ಬರು ತಮ್ಮ ತಾಯಿಯವರ ಸಂಗತಿಯೊಂದನ್ನು ಹೇಳಿದರು. ತಾಯಿಗೆ 76 ವರ್ಷ. ಶಿವಮೊಗ್ಗದ ಕಡೆಯವರು, ಚೆನ್ನೈಗೆ ಬಂದು ಮಗನ ಮನೆ ಸೇರಿ ಹನ್ನೊಂದು ವರ್ಷವಾಗಿದೆ. ಕನ್ನಡ ಕಾದಂಬರಿಗಳನ್ನು ಕನ್ನಡಕ ಒರೆಸಿಕೊಂಡು ಒಂದೇ ಉಸಿರಿಗೆ ಓದುತ್ತಾರೆ. ತರಕಾರಿಯವನೊಡನೆ ಚೌಕಾಸಿ ಮಾಡುವಷ್ಟು ತಮಿಳು ಕಲಿತಿದ್ದಾರೆ. ಇಂಗ್ಲಿಷನ್ನು ಮಾತ್ರ ಅಕ್ಷರ ಕೂಡಿಸಿ ಓದಬೇಕು. ರಕ್ತದೊತ್ತಡದ ಮಾತ್ರೆಯನ್ನು ಮೊಬೈಲಿನ ಆಪ್ ಒಂದರಲ್ಲಿ ತರಿಸುವುದನ್ನು ಮೊಮ್ಮಗಳು ಹೇಳಿಕೊಟ್ಟಿದ್ದಳು. ಮಾತ್ರೆ ಬಂತು. ಅದರ ಬೆನ್ನಿಗೇ ತಿಂಗಳಿಗೆ 199 ರೂಪಾಯಿಯ ‘ಸದಸ್ಯತ್ವ’ವೂ ಬಂದಿತ್ತು. ಮೂರು ತಿಂಗಳು ಅವರ ಪಿಂಚಣಿಯ ಖಾತೆಯಿಂದ ಹಣ ತಾನೇ ತಾನಾಗಿ ಕಡಿತವಾಯಿತು. ವಿಚಾರಿಸಿದರೆ ಕಂಪನಿಯ ಉತ್ತರ ಒಂದೇ: ಇಂಥ ದಿನ, ಇಷ್ಟು ಗಂಟೆಗೆ, ನೀವೇ ಒಪ್ಪಿದ್ದೀರಿ.

ಕೇಳಿದ ನಾವು ನಕ್ಕೆವು. “ಮೊಮ್ಮಗಳನ್ನು ಕೇಳಿ ಒತ್ತಬೇಕಿತ್ತು” ಎಂದರು ಒಬ್ಬರು. “ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ?” ಎಂದರು ಇನ್ನೊಬ್ಬರು. ಮನೆಗೆ ಮರಳುವ ದಾರಿಯಲ್ಲಿ ನಮ್ಮ ನಗು ನಮಗೇ ಕಹಿಯಾಯಿತು. ಐದು ದಶಕ ಸಂಸಾರದ ಲೆಕ್ಕ ಬರೆದ, ಒಂದು ಕಾಸನ್ನೂ ಸುಮ್ಮನೆ ಬಿಡದ ಹೆಂಗಸು ದಡ್ಡಳಾದದ್ದು ಯಾವಾಗ? ಆಕೆ ದಡ್ಡಳಾಗಲಿಲ್ಲ. ಆಕೆಗೆ ತಿಳಿಯದ ನುಡಿಯಲ್ಲಿ ಕೇಳಿ, ಆಕೆಯ ಬೆರಳನ್ನು ಒಪ್ಪಿಗೆಯೆಂದು ಎಣಿಸಲಾಯಿತು. ಈ ಬರಹ ಆ ಎಣಿಕೆಯ ವಿರುದ್ಧ. ಜೊತೆಗೆ ನಮ್ಮ ಆ ನಗುವಿನ ವಿರುದ್ಧವೂ ಹೌದು.

ನಮ್ಮ ವಾದ ಸರಳವಾದುದು. ಕೊಡುಕೊಳ್ಳುವಿಕೆಯ ಬುಡದಲ್ಲಿರುವುದು ಒಪ್ಪಿಗೆ. ತಿಳಿವಳಿಕೆಯಿಲ್ಲದೆ ಒಪ್ಪಿಗೆಯಿಲ್ಲ, ನುಡಿಯಿಲ್ಲದೆ ತಿಳಿವಳಿಕೆಯಿಲ್ಲ. ಆದ್ದರಿಂದ ಕೊಳ್ಳುವವರಿಗೆ ತಿಳಿಯದ ನುಡಿಯಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಇದು ಹೊಸ ಮಾತಲ್ಲ, ಸಂತೆಯಷ್ಟೇ ಹಳೆಯದು. ಮಾರುವವನು ಕೊಳ್ಳುವವನ ನುಡಿಯನ್ನು ಕಲಿಯಬೇಕೆಂಬುದು ಎಲ್ಲ ಪೇಟೆಗಳ ಬರೆಯದ ಕಟ್ಟಳೆ. ಈ ಊರಿನಲ್ಲಿ ಅದನ್ನು ಪಾಲಿಸಿ ತೋರಿಸಿದವರಲ್ಲಿ ನಮ್ಮವರೂ ಇದ್ದಾರೆ. ಕಡಂದಲೆಯಿಂದ ಮದರಾಸಿಗೆ ಬಂದ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಅವರೂ ಅವರಂತೆ ಕರಾವಳಿಯಿಂದ ಬಂದ ನೂರಾರು ಹೋಟೆಲಿನವರೂ ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿದರು, ಗಲ್ಲಾಪೆಟ್ಟಿಗೆಯ ಮುಂದೆ ತಮಿಳನ್ನಾಡಿದರು. ಗಿರಾಕಿ ಬಂದು ತುಳು ಕಲಿಯಲಿ, ಆಮೇಲೆ ದೋಸೆ ಕೊಡೋಣ ಎಂದು ಯಾರೂ ಕಾಯಲಿಲ್ಲ. ಇಂದಿಗೂ ಪಾಂಡಿ ಬಜಾರಿನಲ್ಲಿ ಸೀರೆ ಬಿಡಿಸಿ ತೋರಿಸುವ ಹುಡುಗ ನಮ್ಮ ಮನೆಯವರ ಮಾತಿನ ಧಾಟಿಯನ್ನು ಹಿಡಿದು “ಬನ್ನಿ ಅಮ್ಮ, ಕಡಿಮೆ ರೇಟು” ಎಂದು ಕನ್ನಡಕ್ಕೆ ಹೊರಳುತ್ತಾನೆ. ಆ ಕನ್ನಡ ಹರುಕುಮುರುಕಾಗಿರಬಹುದು. ಆದರೆ ಬೆಲೆ ಎಷ್ಟು, ಬಣ್ಣ ಹೋಗುತ್ತದೆಯೇ, ಹಿಂದಿರುಗಿಸಿದರೆ ತೆಗೆದುಕೊಳ್ಳುವನೇ ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗುತ್ತದೆ.

ಆ ಕಟ್ಟಳೆಯನ್ನು ಮೊಬೈಲಿನ ಪೇಟೆ ತಲೆಕೆಳಗು ಮಾಡಿದೆ. ಅಂಗಡಿ ಅಂಗೈಗೇ ಬಂದಿದೆ. ಅಂಗಡಿಯವನು ಮಾತ್ರ ಕಾಣೆಯಾಗಿದ್ದಾನೆ. ಮನೆಬಾಗಿಲಿಗೆ ಬರುವ ಹುಡುಗನೊಡನೆ ನಮಗುಳಿದಿರುವ ಮಾತು ನಾಲ್ಕು ಅಂಕಿಯ ಒಟಿಪಿ ಅಷ್ಟೆ. ಕೇಳಬೇಕಾದುದನ್ನು ಕೇಳಲು ಅಲ್ಲಿ ಯಾರೂ ಇಲ್ಲ. ಇರುವುದು ಬರಹ. ಆ ಬರಹ ಯಾವ ನುಡಿಯಲ್ಲಿದೆಯೆಂಬುದೇ ಈಗ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

“ಕನ್ನಡದ ಆಯ್ಕೆ ಇದೆಯಲ್ಲ?” ಎಂದು ಬಳಗದ ತರುಣರು ಕೇಳುತ್ತಾರೆ. ಇದೆ. 2020ರ ಜೂನ್‌ನಲ್ಲಿ ಫ್ಲಿಪ್‌ಕಾರ್ಟ್, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆಜಾನ್ ಕನ್ನಡವನ್ನು ಸೇರಿಸಿಕೊಂಡವು. ಹಣ ಕಳಿಸುವ ಆಪ್‌ಗಳಲ್ಲೂ ಕನ್ನಡ ಬಂದಿದೆ. ಇದು ಸಣ್ಣ ಸಂಗತಿಯಲ್ಲವೆಂದು ನಾವು ಒಪ್ಪುತ್ತೇವೆ. ಆದರೆ ಆ ಕನ್ನಡ ಎಲ್ಲಿಯವರೆಗೆ ನಮ್ಮೊಡನೆ ಬರುತ್ತದೆ? ನಾವು ಮೂವರು ಕುಳಿತು ಹಲವು ಆಪ್‌ಗಳನ್ನು ಕನ್ನಡಕ್ಕೆ ತಿರುಗಿಸಿ ನೋಡಿದೆವು. ಸ್ವಾಗತ ಕನ್ನಡದಲ್ಲಿದೆ. ರಿಯಾಯಿತಿಯ ಸುದ್ದಿ ಕನ್ನಡದಲ್ಲಿದೆ. “ಈಗಲೇ ಕೊಳ್ಳಿ” ದಪ್ಪ ಕನ್ನಡದಲ್ಲಿದೆ. “ಮುಂದುವರಿದರೆ ನಮ್ಮ ನಿಯಮಗಳಿಗೆ ಸಮ್ಮತಿಸಿದಂತೆ” ಎಂಬುದೂ ಸಣ್ಣ ಅಕ್ಷರದ ಕನ್ನಡದಲ್ಲಿದೆ. ಆದರೆ ಆ ನಿಯಮಗಳು ಯಾವುವೆಂದು ಒತ್ತಿದರೆ, ನಾವು ನೋಡಿದ ಹೆಚ್ಚಿನ ಆಪ್‌ಗಳಲ್ಲಿ, ಪುಟಗಟ್ಟಲೆ ಇಂಗ್ಲಿಷ್ ತೆರೆದುಕೊಂಡಿತು. ಹಿಂದಿರುಗಿಸುವ ಷರತ್ತು, ಸದಸ್ಯತ್ವ ಬಿಡುವ ಬಗೆ, ದೂರು ಕೊಡುವ ವಿಳಾಸ ಎಲ್ಲವೂ ಅಲ್ಲಿಯೇ. ಆಸೆಯನ್ನು ತಾಯ್ನುಡಿಯಲ್ಲಿ ಹುಟ್ಟಿಸಿ ಷರತ್ತನ್ನು ಪರನುಡಿಯಲ್ಲಿ ಬಚ್ಚಿಡುವುದನ್ನು ಕನ್ನಡದ ಸೇವೆಯೆನ್ನಲಾಗದು. ಅದು ಗಾಳಕ್ಕೆ ಸಿಕ್ಕಿಸಿದ ಎರೆ.

ಅಂಗಡಿಯ ಮೇಜಿನ ಮೇಲಿನ ಧ್ವನಿಪೆಟ್ಟಿಗೆಯನ್ನು ನೋಡಿ. ಹಣ ಬಂತೆಂಬುದನ್ನು ಅದು ತಮಿಳಿನಲ್ಲೂ ಕನ್ನಡದಲ್ಲೂ ಕೂಗಿ ಹೇಳಬಲ್ಲದು. ಹಣ ಬಂದುದನ್ನು ನಮ್ಮ ನುಡಿಯಲ್ಲಿ ಹೇಳಬಲ್ಲವರಿಗೆ, ಹಣ ಯಾವ ಕರಾರಿನ ಮೇಲೆ ಹೋಗುತ್ತದೆಂಬುದನ್ನು ಅದೇ ನುಡಿಯಲ್ಲಿ ಹೇಳಲು ಏನು ಅಡ್ಡಿ? ಖರ್ಚಿನ ನೆಪ ನಮಗೆ ಬೇಡ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದ ಯುಪಿಐ ವಹಿವಾಟುಗಳ ಸಂಖ್ಯೆ 2000 ಕೋಟಿ ದಾಟಿತು. ಇಷ್ಟು ದೊಡ್ಡ ಪೇಟೆಯಲ್ಲಿ ಕೆಲವು ಪುಟಗಳ ಅನುವಾದ ಯಾರನ್ನೂ ದಿವಾಳಿಯಾಗಿಸುವುದಿಲ್ಲ.

ಕೊಳ್ಳುವವರಷ್ಟೇ ಅಲ್ಲ, ಮಾರುವ ಸಣ್ಣವರೂ ಈ ಬಲೆಯಲ್ಲಿದ್ದಾರೆ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದುದನ್ನು ನೆನೆಯಿರಿ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕವನ್ನು ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟಿನ ಮಿತಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯವೆಂಬುದು ಕಾನೂನು. ಅದರ ತಪ್ಪುಸರಿಯ ಚರ್ಚೆ ಇಲ್ಲಿ ಬೇಡ. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರೂ ಬೆಚ್ಚಿ ಕ್ಯೂಆರ್ ಚೀಟಿಯನ್ನು ಕಿತ್ತು “ನಗದು ಮಾತ್ರ” ಎಂಬ ಬೋರ್ಡು ತೂಗುಹಾಕಿದರು. ಗದ್ದಲವೆದ್ದ ಮೇಲೆ ಇಲಾಖೆ ‘ಜಿಎಸ್‌ಟಿ ತಿಳಿಯಿರಿ’ ಎಂಬ ಅಭಿಯಾನವನ್ನು ಹಮ್ಮಿಕೊಂಡಿತು. ನೋಟಿಸು ಮೊದಲು, ತಿಳಿವಳಿಕೆ ಆಮೇಲೆ! ಗೋಡೆಗೆ ಚೀಟಿ ಅಂಟಿಸಿದ ದಿನವೇ “ಇದು ನಿನ್ನ ಲೆಕ್ಕದ ಪುಸ್ತಕವೂ ಹೌದು” ಎಂದು ಕನ್ನಡದಲ್ಲಿ ಎರಡು ಸಾಲು ಹೇಳಿದ್ದರೆ ಆ ಭಯದ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ. ಸ್ವಂತ ನಾಡಿನಲ್ಲೇ ಹೀಗಾದರೆ ಹೊರನಾಡಿನ ನಮ್ಮ ಪಾಡೇನು?

ಇಲ್ಲಿ ಇನ್ನೊಂದು ಆಕ್ಷೇಪವನ್ನು ಎದುರಿಸಬೇಕು. “ಇರುವುದು ಚೆನ್ನೈಯಲ್ಲಿ, ತಮಿಳು ಕಲಿಯಿರಿ, ಕನ್ನಡವನ್ನೇಕೆ ಕೇಳುತ್ತೀರಿ?” ಎಂಬ ಮಾತು ಹೊರಗಿನಿಂದಲ್ಲ, ನಮ್ಮವರಿಂದಲೇ ಬರುತ್ತದೆ. ತಮಿಳನ್ನು ಕಲಿಯಲೇಬೇಕು, ಅನ್ನ ಕೊಟ್ಟ ಊರಿನ ನುಡಿಯನ್ನು ಕಲಿಯದವನ ಪರವಾಗಿ ನಾವು ನಿಲ್ಲಲಾರೆವು. ಚೆನ್ನೈಯ ಬೀದಿಯ ಫಲಕ ತಮಿಳಿನಲ್ಲಿರುವುದು ನ್ಯಾಯ. ಬೀದಿಗೆ ನೆಲವಿದೆ, ಆ ನೆಲಕ್ಕೆ ನುಡಿಯಿದೆ. ಆದರೆ ನಮ್ಮ ಅಂಗೈಯ ತೆರೆಗೆ ಯಾವ ನೆಲ? ಒಬ್ಬರ ಫೋನಿನ ಕನ್ನಡ ಪಕ್ಕದವರ ಫೋನಿನ ತಮಿಳಿನಿಂದ ಒಂದಂಗುಲ ಜಾಗವನ್ನೂ ಕಸಿಯುವುದಿಲ್ಲ. ಬೆಂಗಳೂರಿನ ಹಲಸೂರಿನಲ್ಲಿರುವ ತಮಿಳು ಅಜ್ಜಿಗೂ ಇದೇ ಸಂಕಟವಿದೆ; ಆಕೆಗೂ ಷರತ್ತು ಬರುವುದು ಇಂಗ್ಲಿಷಿನಲ್ಲೇ. ಇದು ಕನ್ನಡ ತಮಿಳುಗಳ ಜಗಳವಲ್ಲ. ಇಬ್ಬರೂ ಒಂದೇ ಕಡೆ ನಿಂತು ಕೇಳಬೇಕಾದ ಹಕ್ಕು.

ಕಾನೂನು ಏನನ್ನುತ್ತದೆ? ಪೊಟ್ಟಣದ ಸರಕಿನ ಮೇಲೆ ತೂಕ, ಬೆಲೆ, ತಯಾರಕರ ವಿವರ ದೇವನಾಗರಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿರಬೇಕೆಂದು 2011ರ ನಿಯಮ ಹೇಳುತ್ತದೆ. ಉಳಿದ ನುಡಿಗಳನ್ನು ಬೇಕಿದ್ದರೆ ಸೇರಿಸಬಹುದು. ನಮ್ಮ ನುಡಿ ಅಲ್ಲಿ ‘ಬೇಕಿದ್ದರೆ’ಯ ಪಟ್ಟಿಯಲ್ಲಿದೆ. 2020ರ ಇ-ವಾಣಿಜ್ಯ ನಿಯಮಗಳು ಒಂದು ಹೆಜ್ಜೆ ಮುಂದೆ ಹೋದವು: ಮೊದಲೇ ಗುರುತು ಹಾಕಿಟ್ಟ ಚೌಕಗಳ ಮೂಲಕ ಒಪ್ಪಿಗೆಯನ್ನು ದಾಖಲಿಸುವಂತಿಲ್ಲ. 2023ರ ನವೆಂಬರಿನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಕೇಳದ ವಸ್ತುವನ್ನು ಬುಟ್ಟಿಗೆ ತುರುಕುವುದು, ಸುಳ್ಳು ಅವಸರ ಹುಟ್ಟಿಸುವುದು, ಬಿಡಲಾಗದ ಚಂದಾದಲ್ಲಿ ಸಿಲುಕಿಸುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ಒಳ್ಳೆಯದೇ. ಆದರೆ ಎಲ್ಲ ಮೋಸಗಳಿಗೂ ತಾಯಿಯಾದ ಮೋಸ, ಅಂದರೆ ತಿಳಿಯದ ನುಡಿಯಲ್ಲಿ ಷರತ್ತು ಮುಂದಿಡುವುದು, ಆ ಹದಿಮೂರರಲ್ಲಿಲ್ಲ.

ಆದರೂ ಒಂದು ಬಾಗಿಲು ತೆರೆದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 5 ಮತ್ತು 6ನೆಯ ಕಲಮುಗಳ ಪ್ರಕಾರ, ನಮ್ಮ ವಿವರಗಳನ್ನು ಪಡೆಯಲು ಒಪ್ಪಿಗೆ ಕೇಳುವವರು ಆ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ನುಡಿಯಲ್ಲಿ ಓದುವ ಅವಕಾಶವನ್ನು ನಮಗೆ ಕೊಡಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಯಾಗುತ್ತವೆ. ಹೊರನಾಡಿನ ಕನ್ನಡಿಗರಾದ ನಾವು ಈ ಕಲಮುಗಳನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಏಕೆಂದರೆ ಇಲ್ಲಿ ರಾಜ್ಯದ ಗಡಿಯ ಮಾತೇ ಇಲ್ಲ. ಕನ್ನಡಕ್ಕೆ ಕರ್ನಾಟಕದಲ್ಲಿ ಎಷ್ಟು ಹಕ್ಕೋ ಚೆನ್ನೈಯಲ್ಲೂ ಕಾಸರಗೋಡಿನಲ್ಲೂ ಸೊಲ್ಲಾಪುರದಲ್ಲೂ ಅಷ್ಟೇ ಹಕ್ಕು. ನುಡಿಯ ಹಕ್ಕು ನೆಲದಿಂದ ಬಿಡಿಸಿಕೊಂಡು ಆಡುವವರ ಜೊತೆಗೇ ನಡೆದುಬಂದಿದೆ.

ಆದರೆ ಆ ಹಕ್ಕು ವೈಯಕ್ತಿಕ ವಿವರಗಳ ಮಟ್ಟಿಗಷ್ಟೇ. ನಮ್ಮ ಹೆಸರು, ವಿಳಾಸ ಪಡೆಯಲು ಕನ್ನಡದಲ್ಲಿ ಕೇಳಬೇಕು. ನಮ್ಮ ಹಣ ಪಡೆಯಲು ಕೇಳಬೇಕಾಗಿಲ್ಲ! ಈ ವಿಚಿತ್ರ ಹೋಗಬೇಕು. ನಮ್ಮ ಬೇಡಿಕೆ ಇಷ್ಟು: ದತ್ತಾಂಶಕ್ಕೆ ಯಾವ ನಿಯಮವೋ ಮಾರಾಟದ ಷರತ್ತಿಗೂ ಅದೇ ನಿಯಮವಾಗಲಿ. ಬೆಲೆ, ಹಿಂದಿರುಗಿಸುವಿಕೆ, ತಾನಾಗಿ ಕಡಿತವಾಗುವ ಚಂದಾ, ದೂರಿನ ದಾರಿ — ಈ ನಾಲ್ಕನ್ನಾದರೂ ಕೊಳ್ಳುವವರು ಆರಿಸಿಕೊಂಡ ನುಡಿಯಲ್ಲಿ ತೋರಿಸದೆ ಪಡೆದ ಒಪ್ಪಿಗೆ ಅಸಿಂಧುವಾಗಲಿ. ಆ ಕನ್ನಡ ಪಂಡಿತರ ಕನ್ನಡವಾಗಬೇಕಿಲ್ಲ. ಆಪ್, ಒಟಿಪಿ, ಕ್ಯೂಆರ್ ಎಂಬ ಮಾತುಗಳು ಹಾಗೆಯೇ ಇರಲಿ. ಅವು ಎಲ್ಲರ ಬಾಯಲ್ಲಿ ಕನ್ನಡವಾಗಿಬಿಟ್ಟಿವೆ. “ನೀವು ಬೇಡವೆನ್ನುವವರೆಗೆ ಪ್ರತಿ ತಿಂಗಳೂ 199 ರೂಪಾಯಿ ಕಡಿತವಾಗುತ್ತದೆ” ಎಂಬ ಒಂದು ವಾಕ್ಯ ನೆಟ್ಟಗೆ ಕನ್ನಡದಲ್ಲಿದ್ದರೆ ಸಾಕು.

ಇಷ್ಟು ಹೇಳಿದ ಮೇಲೆ ಬೆರಳನ್ನು ನಮ್ಮ ಕಡೆಗೂ ತಿರುಗಿಸಬೇಕು. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡ ಅಳಿಯುತ್ತಿದೆಯೆಂದು ಕಣ್ಣೀರು ಸುರಿಸುವ ನಮ್ಮ ಬಳಗದಲ್ಲಿ ಎಷ್ಟು ಫೋನುಗಳು ಕನ್ನಡದಲ್ಲಿವೆ? ಆ ದಿನದ ಕೂಟದಲ್ಲಿ ಎಣಿಸಿದೆವು. ಇಪ್ಪತ್ತಮೂರರಲ್ಲಿ ಎರಡು. “ಇಂಗ್ಲಿಷೇ ಸಲೀಸು” ಎನ್ನುತ್ತೇವೆ. ನಮಗೆ ಸಲೀಸು, ನಮ್ಮ ತಾಯಂದಿರಿಗಲ್ಲ. ಬಳಸುವವರಿಲ್ಲದ ಆಯ್ಕೆಯನ್ನು ಯಾವ ವ್ಯಾಪಾರಿಯೂ ತಿದ್ದುವುದಿಲ್ಲ, ಒಂದು ದಿನ ಸದ್ದಿಲ್ಲದೆ ತೆಗೆದುಹಾಕುತ್ತಾನೆ. ಪೇಟೆಗೆ ಭಾಷಣ ಕೇಳಿಸದು, ಗಿರಾಕಿ ಕಾಣಿಸುತ್ತಾನೆ.

ಆದ್ದರಿಂದ ಓದುಗರಲ್ಲಿ ನಮ್ಮ ಕೋರಿಕೆಗಳಿವು. ಒಂದು ತಿಂಗಳ ಮಟ್ಟಿಗೆ ನಿಮ್ಮ ಕೊಳ್ಳುವ ಆಪ್‌ಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿ. ಕನ್ನಡ ಎಲ್ಲಿ ಕೈಬಿಡುತ್ತದೋ ಅಲ್ಲಿ ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕನ್ನಡದಲ್ಲೇ ಬರೆಯಿರಿ. ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಇದು 2020ರ ನಿಯಮ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ. ಅದು ನೆರವು ಕೊಡುವ 17 ನುಡಿಗಳಲ್ಲಿ ಕನ್ನಡವೂ ಒಂದು. ಚೆನ್ನೈಯಲ್ಲಿ ಕುಳಿತೂ ಕನ್ನಡವನ್ನು ಆರಿಸಬಹುದು. ಅದೂ ಸಾಲದಾದರೆ, 2019ರ ಗ್ರಾಹಕ ರಕ್ಷಣಾ ಕಾಯ್ದೆ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಲು ಬಿಡುತ್ತದೆ; ಕಂಪನಿಯ ಊರನ್ನು ಹುಡುಕಿ ಹೋಗಬೇಕಿಲ್ಲ. ಮನೆಯ ಹಿರಿಯರ ಫೋನನ್ನು ಕಸಿದು ನಾವೇ ಒತ್ತಿಬಿಡುವ ಚಾಳಿಯನ್ನೂ ಬಿಡೋಣ. ಅದು ನೆರವಿನಂತೆ ಕಂಡರೂ ಅವರ ಕೈಯಿಂದ ವ್ಯವಹಾರವನ್ನೇ ಕಿತ್ತುಕೊಳ್ಳುತ್ತದೆ.

ನಂಗನಲ್ಲೂರಿನ ತಾಯಿಯವರು ಕೊನೆಗೆ 1915ಕ್ಕೆ ತಾವೇ ಮಾತಾಡಿದರು, ಕನ್ನಡದಲ್ಲಿ. ಮೂರು ವಾರಗಳ ಬಳಿಕ ಎರಡು ತಿಂಗಳ ಹಣ ಮರಳಿತು. ಮೊದಲ ತಿಂಗಳದು ಬರಲಿಲ್ಲ. ಸುದ್ದಿ ತಿಳಿದು ನಾವು ಅಭಿನಂದಿಸಲು ಹೋದಾಗ ಅವರು ಹೆಚ್ಚೇನೂ ಸಂತೋಷಪಟ್ಟಂತೆ ಕಾಣಲಿಲ್ಲ. ಕಾಫಿ ಲೋಟವನ್ನು ಮುಂದಿಡುತ್ತ ಹೇಳಿದರು: “ಅಲ್ರಪ್ಪಾ, ಮೊದಲೇ ಕನ್ನಡದಲ್ಲಿ ಕೇಳಿದ್ದಿದ್ರೆ ಬೇಡ ಅಂತಿದ್ದೆ. ಅಷ್ಟಕ್ಕೆ ಇಷ್ಟೆಲ್ಲ ಯಾಕೆ ಬೇಕಿತ್ತು?”