ಚರಿತ್ರೆಯನ್ನು ಕೈಯಿಂದ ಕಲಿಸೋಣ



ದಸರಾ ರಜೆಯಲ್ಲಿ ನಾನು ಬೆಂಗಳೂರಿಗೆ, ಜೆ.ಪಿ. ನಗರದ ನಮ್ಮ ಅತ್ತೆ ಮನೆಗೆ ಹೋಗಿದ್ದೆ. ಅಲ್ಲಿ ಮಹಡಿ ಮೇಲಿನ ಮನೆಯವರು ಇಬ್ಬರು ಮಕ್ಕಳನ್ನು ಶಾಲೆಗೇ ಕಳಿಸುವುದಿಲ್ಲ. ಮನೆಯಲ್ಲೇ ಪಾಠ. ಹುಡುಗನಿಗೆ ಎಂಟು ವರ್ಷ, ಅವನ ತಂಗಿಗೆ ಆರು. ಶಾಲೆ ಇಲ್ಲದೆ ಇವರು ಏನು ಕಲೀತಾರೆ ಅಂತ ನಾನು ಒಳಗೊಳಗೇ ನಕ್ಕೆ. ಆಮೇಲೆ ನನಗೇ ನಾಚಿಕೆ ಆಯ್ತು.

ಅವರಮ್ಮ ಮಕ್ಕಳ ಕೈಗೆ ಉದ್ದನೆ ಹಗ್ಗ ಕೊಟ್ಟರು. ಒಂದು ಗೇಣು ಅಂದರೆ 10 ವರ್ಷ. ಅವರಜ್ಜಿ 7 ಗೇಣು. ಕೆಂಪೇಗೌಡರು ಬೆಂಗಳೂರು ಕೋಟೆ ಕಟ್ಟಿಸಿದ 1537ಕ್ಕೆ ಸುಮಾರು 49 ಗೇಣು. ಅಲ್ಲಿ ಒಂದು ಕೆಂಪು ದಾರ ಕಟ್ಟಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. 113 ಗೇಣು ಆಗುವಾಗ ಹಗ್ಗ ಗೇಟು ದಾಟಿ ರಸ್ತೆಗೇ ಬಂದಿತ್ತು. "ಅಕ್ಕಾ, ಇದು ಬೇಗೂರಿನ ಕಲ್ಲು" ಅಂದಳು ಚಿಕ್ಕವಳು.

ಮರುದಿನ ನನ್ನನ್ನೂ ಬೇಗೂರಿಗೆ ಕರೆದುಕೊಂಡು ಹೋದರು. ಅಲ್ಲಿನ ಪಂಚಲಿಂಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲು ಇದೆ. ಅದರಲ್ಲಿ ಬೆಂಗಳೂರು ಅನ್ನೋ ಹೆಸರೇ ಇದೆ! ವೀರಬಲ್ಲಾಳನಿಗೆ ಅಜ್ಜಿ ಬೆಂದಕಾಳು ಕೊಟ್ಟಿದ್ದರಿಂದ ಬೆಂದಕಾಳೂರು ಆಯಿತು ಅಂತ ನಾವು ಕಥೆ ಕೇಳಿದ್ದೇವೆ. ಆದರೆ ಕಲ್ಲಿನ ಮೇಲಿನ ಹೆಸರು ಆ ರಾಜನಿಗಿಂತ ಸುಮಾರು 300 ವರ್ಷ ಹಳೆಯದು. ಇದನ್ನು ನನಗೆ ಹೇಳಿಕೊಟ್ಟವನು ಎಂಟು ವರ್ಷದ ಹುಡುಗ.

ವಿದ್ವಾಂಸರು ಶಾಸನದ ಮೇಲೆ ಒದ್ದೆ ಕಾಗದ ಹಾಕಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುತ್ತಾರೆ. ಮಕ್ಕಳು ಹಾಗೆ ಮಾಡಬಾರದು, ಕಲ್ಲು ಹಾಳಾಗುತ್ತೆ. ಅದಕ್ಕೇ ಅವರು ಮನೆಗೆ ಬಂದು ರೂಪಾಯಿ ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಅಕ್ಷರ ತಾನಾಗಿ ಎದ್ದು ಬಂತು.

"ಆಟ ಆಡಿದರೆ ಪರೀಕ್ಷೆಯಲ್ಲಿ ಅಂಕ ಬರುತ್ತಾ?" ಅಂತ ಕೆಲವರು ಕೇಳಬಹುದು. ನಾನು ಬಾಯಿಪಾಠ ಮಾಡಿದ ಇಸವಿಗಳು ಪರೀಕ್ಷೆ ಮುಗಿದ ವಾರಕ್ಕೇ ಮರೆತುಹೋದವು. ಹಗ್ಗದ ಗೇಣು ಮಾತ್ರ ಮರೆತಿಲ್ಲ. ಹಾಗಂತ ಶಾಲೆ ಬಿಡಿ ಅಂತ ನಾನು ಹೇಳುತ್ತಿಲ್ಲ. ನನಗೆ ನಮ್ಮ ಶಾಲೆಯೇ ಇಷ್ಟ. ಆದರೆ ಒಳ್ಳೆಯ ವಿಧಾನ ಎಲ್ಲಿದ್ದರೂ ತರಬೇಕು.

ಈಗ ನಮ್ಮೂರಿನ ಮಾತು. ಕೆರೆ ಏರಿ ಹತ್ತಿರ ಬಿಲ್ಲು ಹಿಡಿದ ವೀರನ ಕಲ್ಲಿದೆ, ಎಲ್ಲರೂ ನೋಡಿದ್ದೀರಿ. ಕುಡ್ಲು ಮಸೆದೂ ಮಸೆದೂ ಅವನ ಮುಖವೇ ಸವೆದಿದೆ. ಬೇರೆಯವರನ್ನು ಯಾಕೆ ದೂರಲಿ? ಚೌಕಾಬಾರ ಆಡಲು ನಾನೂ ಅದರ ಮೇಲೆ ಹುಣಸೆಬೀಜ ಉಜ್ಜಿದ್ದೇನೆ. ಅದು ಏನು ಅಂತ ನನಗೆ ಯಾರೂ ಹೇಳಿರಲಿಲ್ಲ. ಆರು ವರ್ಷಕ್ಕೇ ಗೊತ್ತಾಗಿದ್ದರೆ ಉಜ್ಜುತ್ತಿರಲಿಲ್ಲ.

ಆದ್ದರಿಂದ ಗುರುಗಳಲ್ಲಿ ನನ್ನದೊಂದು ಬೇಡಿಕೆ. ಶನಿವಾರ ಒಂದು ಪೀರಿಯಡ್ಡು ಕೊಡಿ. ಏಳನೇ ತರಗತಿಯ ನಾವು ಒಂದು, ಎರಡನೇ ತರಗತಿಯ ಮಕ್ಕಳನ್ನು ಆ ಕಲ್ಲಿನ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಹಗ್ಗ ನಮ್ಮ ಮನೆಯಿಂದ ನಾನೇ ತರುತ್ತೇನೆ.

— ಏಳನೇ ತರಗತಿಯ ವಿದ್ಯಾರ್ಥಿನಿ