ನೀ ತಿರುಗಿದ್ರೆ ಸ್ವಾತಂತ್ರ್ಯ, ದೊಡ್ಡವ್ವ ತಿರುಗಿದ್ರೆ ದಂಡ?

ಮೊನ್ನೆ ಗೆಳೆಯನೊಬ್ಬ ತನ್ನ ಬೈಕ್ ಸವಾರಿಯ ವಿಡಿಯೋ ಕಳಿಸಿದ್ದ. ಜೇವರ್ಗಿ ದಾರಿ, ಎರಡೂ ಕಡೆ ತೊಗರಿ ಹೊಲ, ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ. ಹಿನ್ನೆಲೆಗೆ ಸ್ಟೆಪನ್‌ವುಲ್ಫ್ ತಂಡದ 'ಬಾರ್ನ್ ಟು ಬಿ ವೈಲ್ಡ್'. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. 1968ರ ಆ ಹಾಡು ನಮ್ಮ ಎರೆಮಣ್ಣಿನ ಬಯಲಿಗೆ ಹೊಂದುತ್ತೆ ಅಂತ ಯಾರು ಅಂದುಕೊಂಡಿದ್ದರು!

ಮರುದಿನ ಅದೇ ಪುಣ್ಯಾತ್ಮನ ಇನ್ನೊಂದು ಮೆಸೇಜ್: "ಫ್ರೀ ಬಸ್ ಬಿಟ್ಟು ಹೆಣ್ಮಕ್ಕಳಿಗಿ ಕೆಲಸ ಇಲ್ಲದ ತಿರಗಾಡಾದು ಕಲಿಸ್ಯಾರ."

ಅಲ್ರೀ, ಆ ಹಾಡು ಹೊಗಳೋದೇ ಕೆಲಸ ಇಲ್ಲದೆ ತಿರುಗಾಡೋದನ್ನ ಅಲ್ವೆ? ಅದನ್ನ ಬರೆದ ಮಾರ್ಸ್ ಬಾನ್‌ಫೈರ್ ಆಗ ಕೊಂಡಿದ್ದು ಬೈಕಲ್ಲ, ಒಂದು ಹಳೆಯ ಸಣ್ಣ ಕಾರು. ಮೊದಲ ಸಲ ಸ್ವಂತ ಗಾಡಿ ಸಿಕ್ಕ ಸಂಭ್ರಮದಲ್ಲಿ ಹುಟ್ಟಿದ ಹಾಡದು.

ನಮ್ಮ ದೊಡ್ಡವ್ವನಿಗೆ ಅಂಥ ಗಾಡಿ ಸಿಕ್ಕಿದ್ದು 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ. ಅವಳದು ಆಳಂದ ತಾಲ್ಲೂಕು. ಅಲ್ಲಿಂದ ಇಳಿಯುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನ ಸೇರುತ್ತೆ. ಆ ನೀರು ಹೋದಷ್ಟು ದೂರ ಸುಮ್ಮನೆ ಹೋಗಿ ಬರಲು ದೊಡ್ಡವ್ವ 60 ವರ್ಷ ಕಾದಳು. ಮೊದಲೆಲ್ಲ ಊರು ಬಿಡಬೇಕಂದ್ರೆ ಮದುವೆ, ಮಣ್ಣು, ದವಾಖಾನೆ ಅಂತ ಏನಾದರೂ ಕಾರಣ ಬೇಕಿತ್ತು. ಮೇಲೆ ದೊಡ್ಡಪ್ಪನ ಮುಂದೆ ಕೈ ಚಾಚಬೇಕಿತ್ತು. ಈಗ "ಎಲ್ಲಿಗಿ ಹೊಂಟಿ?" ಅಂದ್ರೆ "ಸುಮ್ನ ಸಂಗಮಕ್ಕ ಹೋಗಿ ಬರ್ತೀನಿ" ಅಂತಾಳೆ. ಆ 'ಸುಮ್ನ' ಇದೆಯಲ್ಲ, ನನ್ನ ಪ್ರಕಾರ ಇಡೀ ರಾಕ್ ಸಂಗೀತದ ಸಾರ ಅದೇ.

"ನಮ್ಮ ತೆರಿಗೆ ದುಡ್ಡು" ಅಂತೀರಾ? ಹೆದ್ದಾರಿ ಯಾರ ದುಡ್ಡಿನದು? ರಾಷ್ಟ್ರೀಯ ಹೆದ್ದಾರಿಯ ಟೋಲ್‌ನಲ್ಲಿ ಬೈಕಿಗೆ ಶುಲ್ಕ ಇಲ್ಲ. ಅದನ್ನ ಪುಕ್ಕಟೆ ಅಂತ ಯಾರಾದರೂ ಹಂಗಿಸಿದ್ದಾರಾ? ಬಸ್ಸು ಸಾಲಲ್ಲ, ಕಾಲೇಜು ಹುಡುಗರು ಬಾಗಿಲಲ್ಲಿ ಜೋತಾಡ್ತಾರೆ, ಅದು ನಿಜ. ನಾನೂ ಬೈತೀನಿ. ಆದರೆ ಅದಕ್ಕೆ ಕೇಳಬೇಕಾದ್ದು ಇನ್ನಷ್ಟು ಬಸ್ಸು. ಹೆಂಗಸರು ಮನೇಲಿರಲಿ ಅಂತಲ್ಲ.

ಕೊನೆಗೊಂದು ಮಾತು. ಈ ಹಾಡನ್ನ ಬೈಕಿನವರ ಹಾಡು ಮಾಡಿದ್ದು 1969ರ 'ಈಸಿ ರೈಡರ್' ಸಿನಿಮಾ. ಅದರ ಕೊನೆ ನೋಡಿದ್ದೀರಾ? ಆ ಇಬ್ಬರು ಸವಾರರು ಗುಂಡಿಗೆ ಬಲಿಯಾಗ್ತಾರೆ. ಹೊಡೆದದ್ದು ಪೊಲೀಸರಲ್ಲ, ದರೋಡೆಕೋರರಲ್ಲ. ಪಿಕಪ್ ಗಾಡಿಯಲ್ಲಿ ಹೊರಟಿದ್ದ ಸಾಮಾನ್ಯ ಗಂಡಸರು. ಇವರ ಉದ್ದ ಕೂದಲು ಕಂಡು ಅವರಿಗೆ ಮೈ ಉರೀತು, ಅಷ್ಟೇ ಕಾರಣ.

ಗೆಳೆಯಾ, ನೀನು ಬೈಕ್ ಮೇಲಿದ್ದೀನಿ ಅಂದುಕೊಂಡಿದ್ದೀಯ. ಆ ಮೆಸೇಜ್ ಕಳಿಸಿದ ದಿನ ನೀನು ಕೂತಿದ್ದು ಪಿಕಪ್‌ನಲ್ಲಿ.